ಎರಡನೆಯ ಕುದಿ

ಪುಷ್ಯಮಾಸದ ಚಳಿ ಮೈಸೂರಿಗೆ ಬಂದಿತೆಂಬುದನ್ನು ನಮ್ಮ ಮನೆಯಲ್ಲಿ ಪಂಚಾಂಗ ನೋಡಿ ತಿಳಿಯಬೇಕಾಗಿಲ್ಲ. ಸಂಜೆ ಕಾಲೇಜಿನಿಂದ ಬಂದವನು ಸ್ವೆಟರು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನ ಮನೆಯಾಕೆ ತಿರುಗಿಯೂ ನೋಡದೆ, “ಕಾಳು ನೆನೆಹಾಕಬೇಕೇನು? ಹಾಕಿ. ಪಾತ್ರೆ ಮಾತ್ರ ತಳ ಹಿಡಿಸಬೇಡಿ” ಎನ್ನುತ್ತಾಳೆ. ವರ್ಷದ ಉಳಿದ ದಿನಗಳಲ್ಲಿ ಆ ಹೊಸ್ತಿಲಿನಿಂದಾಚೆಗೆ ನನ್ನ ಅಧಿಕಾರ ಕಾಫಿ ಕುಡಿದ ಲೋಟವನ್ನು ತೊಳೆದಿಡುವಷ್ಟರದು. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ನಳಪಾಕ, ಭೀಮಪಾಕ ಎಂಬ ಮಾತುಗಳ ಸಮಾಸ ಬಿಡಿಸುವುದು ಗೊತ್ತೇ ಹೊರತು ಪಾಕ ಗೊತ್ತಿಲ್ಲ. ನನಗೆ ಬರುವುದು ಒಂದೇ ಒಂದು ಅಡುಗೆ. ಅದೂ ನಮ್ಮ ದೇಶದ್ದಲ್ಲ. ಇಟಲಿಯ ಟಸ್ಕನಿ ಸೀಮೆಯ ಬಡವರ ಕಾಳಿನ ಸಾರು.

ಇದನ್ನು ನಾನು ಕಲಿತದ್ದು 2018ರ ಡಿಸೆಂಬರಿನಲ್ಲಿ. ತಂಗಿಯ ಗಂಡನಿಗೆ ಫ್ಲಾರೆನ್ಸ್ ನಗರದಲ್ಲಿ ಸಂಶೋಧನೆಯ ಕೆಲಸ. “ಅಣ್ಣಾ, ಒಂದು ಸಲ ಬಂದುಹೋಗು” ಎಂದು ತಂಗಿ ಮೂರು ವರ್ಷ ಕರೆದ ಮೇಲೆ ಧೈರ್ಯಮಾಡಿ ಹೊರಟೆ. ಹೋಗುವಾಗ ತಲೆಯ ತುಂಬ ಡಾಂಟೆ ಮಹಾಕವಿ, ಮೈಕೆಲೇಂಜಲೊ ಕಡೆದ ವಿಗ್ರಹಗಳು. ಅವನ್ನೆಲ್ಲ ನೋಡಿದ್ದೂ ಆಯಿತು. ಆದರೆ ಅಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆರ್ನೊ ನದಿಯ ಮೇಲಿನಿಂದ ಬೀಸುವ ಗಾಳಿ ಕಿವಿಯನ್ನು ಹಿಂಡಿ ಮನೆಗೆ ಅಟ್ಟುತ್ತದೆ. ಮೈಸೂರಿನ ಚಳಿಗೆ ಒಂದು ಶಾಲು ಸಾಕೆಂದು ನಂಬಿದ್ದ ನಾನು ಸಂಜೆಗಳನ್ನೆಲ್ಲ ತಂಗಿಯ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಕುರ್ಚಿಯಲ್ಲಿ, ಮುದುರಿ ಕಳೆಯುತ್ತಿದ್ದೆ.

ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಎಂಬತ್ತು ದಾಟಿದ ಒಬ್ಬ ವೃದ್ಧೆ ಒಂಟಿಯಾಗಿದ್ದರು. ಎಲ್ಲರೂ ಅವರನ್ನು ‘ಸಿನ್ಯೋರಾ’ ಎನ್ನುತ್ತಿದ್ದರು, ಎಂದರೆ ಅಮ್ಮಾವರು. ಭಾರತದಿಂದ ಬಂದ ಅಣ್ಣ ಚಳಿಗೆ ನಡುಗುತ್ತಿದ್ದಾನೆಂದು ತಂಗಿ ಹೇಳಿದಳೋ, ನನ್ನ ಸೀನು ಅವರಿಗೆ ಕೇಳಿಸಿತೋ, ಒಂದು ದಿನ ಮೆಟ್ಟಿಲು ಹತ್ತಿ ಬಂದು, ನಾಳೆ ತಮ್ಮಲ್ಲಿ ಸಾರು ಮಾಡುವುದಾಗಿ ಹೇಳಿದರು. ನಾವು ಸಸ್ಯಾಹಾರಿಗಳು, ಅದರಲ್ಲಿ ಮಾಂಸವಿರುತ್ತದೆಯೇ ಎಂದು ತಂಗಿಯ ಮೂಲಕ ವಿಚಾರಿಸಿದೆ. ಮುದುಕಿ ಗಟ್ಟಿಯಾಗಿ ನಕ್ಕರು. “ಮನೆಯಲ್ಲಿ ಮಾಂಸವಿದ್ದಿದ್ದರೆ ಇದನ್ನು ಯಾಕೆ ಮಾಡುತ್ತಿದ್ದೆವು?” ಎಂದರಂತೆ.

ಇಟಲಿಯ ಉಳಿದ ಸೀಮೆಯವರು ಟಸ್ಕನಿಯವರನ್ನು ‘ಮಾಂಜಾಫಜೋಲಿ’ ಎಂದು ಹಾಸ್ಯಮಾಡುತ್ತಾರೆ. ‘ಕಾಳುಬಾಕರು’ ಎಂದು ಕನ್ನಡಿಸಬಹುದು. ಇದೇ ಹೆಸರಿನ ಒಂದು ಚಿತ್ರವೂ ಉಂಟು. 1580ರ ದಶಕದಲ್ಲಿ ಆನ್ನಿಬಾಲೆ ಕರಾಚಿ ಎಂಬಾತ ಬರೆದದ್ದು. ಈಗ ರೋಮಿನ ಕೊಲೊನ್ನಾ ಅರಮನೆಯಲ್ಲಿದೆ. ಹುಲ್ಲಿನ ಟೋಪಿಯ ಒಬ್ಬ ದುಡಿಮೆಗಾರ ಮೇಜಿನ ಮುಂದೆ ಕುಳಿತಿದ್ದಾನೆ. ಬಟ್ಟಲಲ್ಲಿ ಕಾಳು, ಪಕ್ಕದಲ್ಲಿ ರೊಟ್ಟಿ, ಈರುಳ್ಳಿ. ಚಮಚ ಬಾಯಿಯ ಹತ್ತಿರ ಬಂದಿದೆ, ಬಾಯಿ ತೆರೆದಿದೆ, ಚಮಚದಿಂದ ರಸ ತೊಟ್ಟಿಕ್ಕುತ್ತಿದೆ. ಅಷ್ಟರಲ್ಲಿ ಯಾರೋ ಒಳಗೆ ಬಂದರೆಂಬಂತೆ ಅವನು ನಮ್ಮನ್ನೇ ನೋಡುತ್ತಾನೆ. ಉಣ್ಣುವವನನ್ನು ಹಾಗೆ ನೋಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಎಷ್ಟು ಸರಿ! ಆ ಬಟ್ಟಲಲ್ಲಿರುವುದು ಕಪ್ಪುಕಣ್ಣಿನ ಅಲಸಂದೆಯೆಂದು ಹೇಳುವವರುಂಟು. ಇದ್ದರೂ ಇರಬಹುದು. ಆಫ್ರಿಕದ ಮೂಲದ ಅಲಸಂದೆ ಯೂರೋಪಿಗೆ ಹಳೆಯ ಪರಿಚಯ. ಈಗ ಅಲ್ಲಿ ಬೇಯುವ ಬಿಳಿಯ ಕಾಳು 1492ರಲ್ಲಿ ಕೊಲಂಬಸ್ ಕಡಲು ದಾಟಿದ ಮೇಲೆ ಅಮೆರಿಕದಿಂದ ಬಂದದ್ದು. ನಾವು ಹುರುಳಿಕಾಯಿ ಎಂದು ಪಲ್ಯ ಮಾಡುವ ಬೀನ್ಸು, ಉತ್ತರದವರ ರಾಜ್ಮಾ, ಈ ಬಿಳಿಯ ಕಾಳು, ಮೂರೂ ಒಂದೇ ಗಿಡದ ಸಂತಾನ.

ಮರುದಿನ ಬೆಳಿಗ್ಗೆ ಸಿನ್ಯೋರಾ ಅವರ ಚೀಲ ಹಿಡಿದುಕೊಂಡು ಸಾಂತ್ ಅಂಬ್ರೋಜೊ ಮಾರುಕಟ್ಟೆಗೆ ಹೋದೆವು. ಅವರು ಕೊಂಡದ್ದು ಒಂದು ಬಗೆಯ ಕಪ್ಪು ಕೋಸು. ಅದು ನಮ್ಮ ಎಲೆಕೋಸಿನಂತೆ ಉಂಡೆ ಕಟ್ಟುವುದಿಲ್ಲ. ಉದ್ದನೆಯ, ಸುಕ್ಕುಸುಕ್ಕಾದ, ಹೆಚ್ಚುಕಡಿಮೆ ಕಪ್ಪೆನ್ನುವಷ್ಟು ಗಾಢ ಹಸುರಿನ ಎಲೆ. ಮೇಲೆ ಹಿಮ ಬಿದ್ದಮೇಲೆಯೇ ಅದಕ್ಕೆ ರುಚಿ ಎಂದರು. ನನಗೆ ಥಟ್ಟನೆ ನಮ್ಮ ಅವರೆಕಾಯಿಯ ನೆನಪಾಯಿತು. ಇಬ್ಬನಿ ಬಿದ್ದಮೇಲೆಯೇ ಅವರೆಗೆ ಸೊಗಡು ಎಂದು ನಮ್ಮವರು ಹೇಳುವುದಿಲ್ಲವೇ? ಇದನ್ನು ಅವರಿಗೆ ಹೇಳಿದಾಗ, ಅದರಲ್ಲಿ ಆಶ್ಚರ್ಯವೇನೂ ಇಲ್ಲವೆಂಬಂತೆ ತಲೆಯಾಡಿಸಿ ಗಜ್ಜರಿಯ ಚೌಕಾಸಿಗೆ ಇಳಿದರು.

ಇನ್ನು ಪಾಕದ ವಿಚಾರ. ಬಿಳಿಯ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದರು. ನಾಲ್ಕು ಜನಕ್ಕೆ ಒಣಗಿದ ಕಾಳು 250 ಗ್ರಾಂ ಆದರೆ ಧಾರಾಳ. ನೆನೆದ ನೀರನ್ನು ಚೆಲ್ಲಬೇಕು. ಹೊಸ ನೀರಿನಲ್ಲಿ ಮೊದಲು ಹತ್ತು ನಿಮಿಷವಾದರೂ ಕೊತಕೊತ ಕುದಿಸಬೇಕು. ಈ ಜಾತಿಯ ಕಾಳಿನಲ್ಲಿ, ಅದರಲ್ಲೂ ಕೆಂಪು ಬಗೆಯಲ್ಲಿ, ಹೊಟ್ಟೆಗೆ ಒಗ್ಗದ ಒಂದು ಅಂಶವಿದ್ದು ಅದು ಹೋಗುವುದು ಆ ಕುದಿಗೇ. ಆಮೇಲೆ ಉರಿ ತಗ್ಗಿಸಿ, ಬೆರಳ ನಡುವೆ ಅದುಮಿದರೆ ಬೆಣ್ಣೆಯಾಗುವ ತನಕ ಬೇಯಿಸುವುದು. ಹಿಂದೆಲ್ಲ ಕಾಳನ್ನು ಗಾಜಿನ ಹೂಜಿಯಲ್ಲಿ ತುಂಬಿ, ರಾತ್ರಿ ಒಲೆಯ ಬೂದಿಗೆಂಡದಲ್ಲಿ ಹುಗಿದಿಟ್ಟು ಮಲಗಿದರೆ ಬೆಳಗಿನ ಹೊತ್ತಿಗೆ ತಾನೇ ಬೆಂದಿರುತ್ತಿತ್ತಂತೆ.

ಇತ್ತ ಒಂದು ದಪ್ಪತಳದ ಪಾತ್ರೆಯಲ್ಲಿ ಆಲಿವ್ ಎಣ್ಣೆ. ಅದಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಗಜ್ಜರಿ, ಸೆಲರಿಯ ದಂಟು, ಎರಡು ಎಸಳು ಬೆಳ್ಳುಳ್ಳಿ. ಇದು ಅವರ ಒಗ್ಗರಣೆ. ಆದರೆ ನಮ್ಮ ಒಗ್ಗರಣೆಯ ಆರ್ಭಟ ಇದಕ್ಕಿಲ್ಲ; ಸಾಸಿವೆ ಸಿಡಿಯುವುದಿಲ್ಲ, ಪಕ್ಕದ ಮನೆಯವರು ಸೀನುವುದಿಲ್ಲ. ಇಪ್ಪತ್ತು ನಿಮಿಷ, ಬಣ್ಣ ತಿರುಗದಂತೆ, ಮೆಲ್ಲನೆ ಬಾಡಬೇಕು. ನಾನು ಉರಿ ಹೆಚ್ಚಿಸಲು ಕೈಚಾಚಿದಾಗ ಮುದುಕಿ ಸೌಟಿನಿಂದ ನನ್ನ ಮಣಿಕಟ್ಟಿಗೆ ಒಂದು ಏಟು ಕೊಟ್ಟರು. ಮೇಷ್ಟರ ಮೇಲೆ ಬೀಳುವ ಏಟಿಗೆ ಒಂದು ವಿಶೇಷ ನ್ಯಾಯವಿದೆಯೆಂದು ನನ್ನ ವಿದ್ಯಾರ್ಥಿಗಳು ಒಪ್ಪಬಹುದು. ಆಮೇಲೆ ಎರಡು ಟೊಮೇಟೊ, ಒಂದು ಆಲೂಗೆಡ್ಡೆ, ಕಪ್ಪು ಕೋಸು, ಸ್ವಲ್ಪ ಎಲೆಕೋಸು. ಬೆಂದ ಕಾಳಿನಲ್ಲಿ ಅರ್ಧವನ್ನು ಅದೇ ನೀರಿನಲ್ಲಿ ಮಸೆದು ಸೇರಿಸಿದರು. ಇನ್ನರ್ಧವನ್ನು ಇಡಿಯಾಗಿಯೇ ಬಿಟ್ಟರು. ಉಪ್ಪು, ಮೆಣಸು. ಒಂದು ಗಂಟೆಗೂ ಮಿಕ್ಕಿ ಸಣ್ಣ ಉರಿ. ಕೊನೆಗೆ, ಒಣಗಿ ಕಲ್ಲಾಗಿದ್ದ ರೊಟ್ಟಿಯನ್ನು ಹೋಳುಮಾಡಿ ಇನ್ನೊಂದು ಪಾತ್ರೆಯ ತಳಕ್ಕೆ ಹಾಸಿ, ಮೇಲೆ ಸಾರು, ಅದರ ಮೇಲೆ ಮತ್ತೆ ರೊಟ್ಟಿ, ಮತ್ತೆ ಸಾರು, ಹೀಗೆ ಪದರ ಪದರವಾಗಿ ತುಂಬಿದರು.

ಆ ಪರಿಮಳಕ್ಕೆ ನನ್ನ ಮೂಗಿನ ನೆಗಡಿಯೇ ಇಳಿದಿತ್ತು. ತಟ್ಟೆ ಹಿಡಿದು ನಿಂತೆ. ಮುದುಕಿ ಪಾತ್ರೆಗೆ ಮುಚ್ಚಳ ಮುಚ್ಚಿ, “ದೊಮಾನಿ” ಎಂದರು. ತಂಗಿ ಅನುವಾದಿಸಿದಳು: “ನಾಳೆ.”

ನಾಳೆಯೂ ಬಂತು. ಮತ್ತೆ ಸಣ್ಣ ಉರಿಯ ಮೇಲಿಟ್ಟು ಕುದಿಸಿದರು. ಈಗ ಅದು ಸಾರಾಗಿ ಉಳಿದಿರಲಿಲ್ಲ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು. ರೊಟ್ಟಿ ಎಲ್ಲಿದೆಯೆಂದು ಹುಡುಕಬೇಕು. ಬಟ್ಟಲಿಗೆ ಬಡಿಸಿ ಮೇಲೆ ಒಂದು ಧಾರೆ ಹಸಿ ಆಲಿವ್ ಎಣ್ಣೆ ಹುಯ್ದರು. ನಿನ್ನೆ ನಾನು ಕದ್ದು ನಾಲಗೆಗೆ ಹಾಕಿಕೊಂಡಿದ್ದ ಚಮಚದಲ್ಲಿ ಈರುಳ್ಳಿ ಬೇರೆ, ಕೋಸು ಬೇರೆ, ಕಾಳು ಬೇರೆ ಇದ್ದವು; ಒಂದೇ ಛತ್ರದಲ್ಲಿ ತಂಗಿದ ಪರಸ್ಪರ ಅಪರಿಚಿತ ಯಾತ್ರಿಕರಂತೆ. ಇಂದು ಅವೆಲ್ಲ ಒಂದು ಮನೆಯವರಾಗಿದ್ದವು. ರಾತ್ರಿಯೆಲ್ಲ ಕಾಳು ಉಪ್ಪನ್ನು ಎಳೆದುಕೊಂಡಿತ್ತು, ರೊಟ್ಟಿ ಸಾರನ್ನು ಕುಡಿದಿತ್ತು, ಎಣ್ಣೆ ಎಲ್ಲದರ ವಾಸನೆಯನ್ನೂ ಹಿಡಿದು ಹಂಚಿತ್ತು.

ಇದಕ್ಕೆ ‘ರಿಬೊಲ್ಲೀತ’ ಎಂದು ಹೆಸರು. ಎಂದರೆ ‘ಮತ್ತೆ ಕುದಿಸಿದ್ದು’. ಕಾವ್ಯದಲ್ಲಿ ಪುನರುಕ್ತಿ ದೋಷವೆಂದು ವರ್ಷವರ್ಷವೂ ಅದೇ ಟಿಪ್ಪಣಿಯಿಂದ ಪಾಠಮಾಡುವ ನಾನು, ಅಡುಗೆಯಲ್ಲಿ ಅದು ಗುಣವೆಂದು ಅಂದು ಒಪ್ಪಿಕೊಂಡೆ. ಅವರ ‘ಜುಪ್ಪ’, ಇಂಗ್ಲಿಷರ ‘ಸೂಪ್’ ಎಂಬ ಮಾತಿಗೆ ಮೊದಲಿನ ಅರ್ಥವೂ ರಸದಲ್ಲಿ ನೆನೆದ ರೊಟ್ಟಿ ಎಂದೇ. ನಮ್ಮ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದ ಸೂಪಕ್ಕೂ ಇದಕ್ಕೂ ನಂಟು ಹಚ್ಚಲು ನನ್ನ ಕೈ ತುರಿಸಿತು. ಆದರೆ ಭಾಷಾಶಾಸ್ತ್ರ ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ಸುಮ್ಮನಾದೆ.

ಟಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾಗಿ ಮತ್ತೆಂದೂ ಊರಿಗೆ ಮರಳದ ಡಾಂಟೆ ತನ್ನ ‘ಪಾರದೀಸೊ’ದ ಹದಿನೇಳನೆಯ ಸರ್ಗದಲ್ಲಿ ಪರರ ರೊಟ್ಟಿಯ ಉಪ್ಪಿನ ಮಾತನ್ನು ತರುತ್ತಾನೆ. ಎಂ.ಎ. ತರಗತಿಯಲ್ಲಿ ಇದನ್ನು ಕೇಳಿದಾಗ ಉಪ್ಪೆಂದರೆ ಕಣ್ಣೀರೆಂದು ಗುರುತು ಹಾಕಿಕೊಂಡಿದ್ದೆ. ಸಿನ್ಯೋರಾ ಅವರ ಸಪ್ಪೆ ರೊಟ್ಟಿಯನ್ನು ಕಡಿದಾಗ, ಅದು ಉಪಮೆಯಾಗುವುದಕ್ಕೆ ಮುಂಚೆ ನಿಜವಾದ ಉಪ್ಪೇ ಆಗಿತ್ತೆಂದು ತಿಳಿಯಿತು. ಹುಟ್ಟಿದ ಮನೆಯ ರೊಟ್ಟಿಯಲ್ಲಿ ಉಪ್ಪಿಲ್ಲದವನಿಗೆ ಪರವೂರಿನ ಪ್ರತಿಯೊಂದು ತುತ್ತೂ ‘ಇದು ನಿನ್ನ ಮನೆಯಲ್ಲ’ ಎಂದು ಹೇಳಿರಬೇಕು.

ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ಎರಡನೆಯ ಬಟ್ಟಲಿನ ಹೊತ್ತಿಗೆ ಮುದುಕಿ ತಮ್ಮ ಬಾಲ್ಯದ ಮಾತೆತ್ತಿದರು. ಅರೆಟ್ಸೊ ಕಡೆಯ ಒಂದು ಹಳ್ಳಿ. ತಂದೆ ಪಾಲಿನ ರೈತ. ಭೂಮಿ ಧಣಿಯದು, ದುಡಿಮೆ ಇವರದು, ಬೆಳೆದದ್ದರಲ್ಲಿ ಅರ್ಧ ಧಣಿಗೆ. ನಮ್ಮ ಕಡೆಯ ಕೋರು ಪದ್ಧತಿಯ ಹಾಗೆಯೇ. ಇಟಲಿಯಲ್ಲಿ ಇಂಥ ಹೊಸ ಕರಾರುಗಳನ್ನು ಕಾನೂನು ನಿಷೇಧಿಸಿದ್ದು 1964ರಲ್ಲಿ. ಅವರ ಬಾಲ್ಯವೆಲ್ಲ ಅದಕ್ಕೆ ಹಿಂದಿನದು. ವಾರಕ್ಕೊಮ್ಮೆ ರೊಟ್ಟಿ ಸುಡುವ ಮನೆ. ಕೊನೆಯ ದಿನಗಳ ರೊಟ್ಟಿಗೆ ಹಲ್ಲು ಇಳಿಯದು. ಒಮ್ಮೆಗೇ ದೊಡ್ಡ ಪಾತ್ರೆಯ ತುಂಬ ಸಾರು ಮಾಡಿ ಮೂರು ದಿನ ಕುದಿಸಿ ಕುದಿಸಿ ಉಣ್ಣುವುದು. “ನಮಗೆ ಮೊದಲ ದಿನ ಬಡಿಸಿ, ಅಮ್ಮ ತನಗೆ ನಾಳೆಗಿರಲಿ ಎನ್ನುತ್ತಿದ್ದಳು. ನಾಳೆಗೇ ರುಚಿ ಹೆಚ್ಚು ಎನ್ನುತ್ತಿದ್ದಳು. ರುಚಿ ಹೆಚ್ಚೆಂದು ನನಗೆ ತಿಳಿದದ್ದು ನಾನೇ ಅಡುಗೆ ಮಾಡಲು ತೊಡಗಿದ ಮೇಲೆ. ಅಲ್ಲಿಯ ತನಕ ಅವಳು ಸುಳ್ಳು ಹೇಳುತ್ತಿದ್ದಾಳೆಂದೇ ತಿಳಿದಿದ್ದೆ.”

ತಂಗಿ ಇದನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತ ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಚಮಚವೂ ಕರಾಚಿಯ ಕಾಳುಬಾಕನ ಚಮಚದಂತೆ ನಡುವೆಯೇ ನಿಂತಿತ್ತು.

“ನಿನ್ನೆ ಹುಳಿಗೆ ಇವತ್ತೇ ರುಚಿ.” ಇದು ನಮ್ಮ ಅಮ್ಮನ ಮಾತು. ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಅಜ್ಜಿ, ಅಪ್ಪ, ಅಮ್ಮ, ನಾವು ನಾಲ್ವರು ಮಕ್ಕಳು; ಒಂದು ಸಂಬಳಕ್ಕೆ ಏಳು ಬಾಯಿ. ಬಿಸಿ ಅನ್ನ, ಆಗ ಮಾಡಿದ ಹುಳಿ ನಮ್ಮ ತಟ್ಟೆಗಳಿಗೆ ಬೀಳುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಅಮ್ಮ ಒಲೆಯ ಮುಂದೆ ಕುಳಿತು, ಕೆಂಡದ ಮೇಲೆ ಬೆಚ್ಚಗಿಟ್ಟಿದ್ದ ನಿನ್ನೆಯ ಹುಳಿಯನ್ನು ನಿನ್ನೆಯ ಅನ್ನಕ್ಕೆ ಸುರಿದುಕೊಳ್ಳುತ್ತಿದ್ದಳು. ಏಳೆಂಟು ವರ್ಷದವನಾಗಿದ್ದಾಗ ಒಂದು ದಿನ ನನಗೂ ಅದೇ ಬೇಕೆಂದು ಹಠ ಹಿಡಿದೆ. ಅಮ್ಮ ನನ್ನ ಅಂಗೈಗೆ ಒಂದಿಷ್ಟು ಹುಳಿ ಹಾಕಿದಳು, ಅನ್ನ ಕೊಡಲಿಲ್ಲ. ನೆಕ್ಕಿ ನೋಡಿದೆ. ನಮಗೆ ಬಡಿಸಿದ್ದಕ್ಕಿಂತ ಅದು ನಿಜವಾಗಿಯೂ ರುಚಿಯಾಗಿತ್ತು. ನೇರವಾಗಿ ಜಗುಲಿಗೆ ಹೋಗಿ ಅಪ್ಪನಿಗೆ ದೂರು ಕೊಟ್ಟೆ: “ಚೆನ್ನಾಗಿರೋದನ್ನೆಲ್ಲ ಅಮ್ಮ ತಾನೇ ಇಟ್ಕೋತಾಳೆ.” ಅಪ್ಪ ಏನನ್ನೂ ಹೇಳಲಿಲ್ಲ. ಅಡಕೆ ಕತ್ತರಿಸುತ್ತಿದ್ದ ಕೈ ನಿಂತಿತು. ಆಮೇಲೆ ಮತ್ತೆ ಕತ್ತರಿಸತೊಡಗಿತು.

ದೊಡ್ಡವನಾದ ಮೇಲೆ ಆ ದೂರು ನೆನಪಾದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಅಮ್ಮ ಮಕ್ಕಳ ಮುಂದೆ ಸುಳ್ಳು ಹೇಳಿ ಹಳಸಲನ್ನು ಉಂಡಳೆಂದು ತೀರ್ಮಾನಿಸಿ, ಆ ನಾಚಿಕೆಯನ್ನು ಹಾಗೆಯೇ ಮುಚ್ಚಿಟ್ಟಿದ್ದೆ. ಆದರೆ ಅಂಗೈಯ ಮೇಲಿನ ಆ ರುಚಿ ಮಾತ್ರ ಈ ತೀರ್ಮಾನಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಲೇ ಇತ್ತು. ಸುಳ್ಳೋ, ನಿಜವೋ? ಫ್ಲಾರೆನ್ಸಿನ ಮುದುಕಿಯ ಮೇಜಿನ ಮುಂದೆ ಆ ಮೊಕದ್ದಮೆ ಮತ್ತೆ ವಿಚಾರಣೆಗೆ ಬಂತು.

2019ರ ಜನವರಿಯಲ್ಲಿ ಊರಿಗೆ ಮರಳಿದೆ. ಅಮ್ಮ ಆಗ ನಮ್ಮೊಡನೆ ಮೈಸೂರಿನಲ್ಲೇ ಇದ್ದಳು, ಈಗಲೂ ಇದ್ದಾಳೆ. ಒಂದು ಸಂಜೆ ಸಾರು ಮಾಡುವೆನೆಂದು ಘೋಷಿಸಿದೆ. ದೇವರಾಜ ಮಾರುಕಟ್ಟೆಯಲ್ಲಿ ಕಪ್ಪು ಕೋಸು ಸಿಕ್ಕಲಿಲ್ಲ. ಎಲೆಕೋಸಿನ ಹೊರಗಿನ ಗಾಢ ಹಸುರು ಎಲೆಗಳನ್ನೇ, ತರಕಾರಿಯವನು ಕಿತ್ತೆಸೆಯುವುದಕ್ಕೆ ಮುಂಚೆ, ಕೇಳಿ ತಂದೆ. ಬಿಳಿಯ ಕಾಳಿಗೆ ಬದಲು ಅಲಸಂದೆ; ಕರಾಚಿಯ ದುಡಿಮೆಗಾರನಿಗೆ ಆದದ್ದು ನಮಗೆ ಆಗದೇ? ಬೇಕರಿಯ ಮೆತ್ತನೆಯ ಸಿಹಿ ಬ್ರೆಡ್ಡು ಇದಕ್ಕೆ ಬಾರದು. ಗಟ್ಟಿ ಗೋಧಿ ಬ್ರೆಡ್ಡನ್ನು ಎರಡು ದಿನ ಒಣಗಿಸಿದೆ. ಇಟಲಿಯವರು ಗಿಣ್ಣನ್ನು ಉದುರಿಸುವುದುಂಟು; ಅವರ ಹೆಸರಾಂತ ಪಾರ್ಮ ಸೀಮೆಯ ಗಿಣ್ಣಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರಾದ್ದರಿಂದ ನಾನು ಅದನ್ನು ಕೈಬಿಟ್ಟೆ.

ನನ್ನಾಕೆಗೆ ಒಂದೇ ಶಂಕೆ: “ಕಾಳು, ಕೋಸು, ಅದೂ ನಿನ್ನೆಯದು. ಹೊಟ್ಟೆ ಕೆಟ್ಟರೆ?” ರಾತ್ರಿ ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಮರುದಿನ ಚೆನ್ನಾಗಿ ಕುದಿಸಿದರೆ ಭಯವಿಲ್ಲವೆಂದೆ. ಜೊತೆಗೆ ಪೆಲ್ಲೆಗ್ರೀನೊ ಆರ್ಟೂಸಿಯ ಕಥೆಯನ್ನೂ ಹೇಳಿದೆ. ಈತ 1891ರಲ್ಲಿ ಫ್ಲಾರೆನ್ಸಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಪಾಕಗ್ರಂಥ ಇಟಲಿಯ ಮನೆಮನೆಗೂ ಹೋಯಿತು. 1855ರಲ್ಲಿ ಲಿವೋರ್ನೊ ಎಂಬ ಊರಿನಲ್ಲಿ ಈತ ಒಂದು ಊಟದ ಮನೆಯಲ್ಲಿ ತರಕಾರಿ ಸಾರು ‘ಮಿನೆಸ್ಟ್ರೋನೆ’ ಉಂಡ. ರಾತ್ರಿಯೆಲ್ಲ ಹೊಟ್ಟೆಯ ತೊಳಸು. ಸಾರಿಗೆ ಶಾಪ ಹಾಕುತ್ತ ಬೆಳಗಿನ ರೈಲಿಗೆ ಫ್ಲಾರೆನ್ಸಿಗೆ ಓಡಿಬಂದ. ಬಂದಮೇಲೆ ಸುದ್ದಿ ತಿಳಿಯಿತು: ಲಿವೋರ್ನೊದಲ್ಲಿ ಕಾಲರಾ, ಮೊದಲು ಬಡಿದದ್ದು ಇವನು ಇಳಿದುಕೊಂಡಿದ್ದ ಮನೆಯ ಯಜಮಾನನಿಗೇ. ಪಾಪ, ಸಾರು ನಿರಪರಾಧಿ! ಆಮೇಲೆ ತಾನೇ ಆ ಸಾರನ್ನು ಮಾಡಿ, ತಿದ್ದಿ, ಈ ಕಥೆಯೊಡನೆ ತನ್ನ ಗ್ರಂಥದಲ್ಲಿ ಬರೆದ. ನನ್ನಾಕೆ ಕಥೆಯನ್ನು ಪೂರ್ತಿ ಕೇಳಿ, “ಕಾಲರಾ ಕಥೆ ಹೇಳಿ ಯಾರಾದರೂ ಊಟಕ್ಕೆ ಕರೀತಾರಾ?” ಎಂದಳು.

ಅಂದು ಸಂಜೆ ಸಾರು ಇಳಿಸಿದಾಗ ಅಮ್ಮನಿಗೆ ಒಂದು ಬಟ್ಟಲಲ್ಲಿ ಕೊಟ್ಟೆ. ಏನೂ ಹೇಳದೆ ಕೊಟ್ಟೆ. ಅವಳು ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, “ಖಾರ ಇಲ್ಲ. ಆದರೂ ಪರವಾಗಿಲ್ಲ. ಎತ್ತಿಡು, ನಾಳೆಗೆ ಇನ್ನೂ ಚೆನ್ನಾಗಿರುತ್ತೆ” ಎಂದಳು.

ಮರುದಿನ ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ಅಮ್ಮ ಎರಡನೆಯ ಸಲ ಹಾಕಿಸಿಕೊಂಡಳು. ಆಗ ಕೇಳಿದೆ: “ಅಮ್ಮಾ, ನಿಜ ಹೇಳು. ಆಗೆಲ್ಲ ನಿನ್ನೆ ಹುಳಿಗೆ ಇವತ್ತೇ ರುಚಿ ಅಂತಿದ್ದೆಯಲ್ಲ, ಅದು ನಮಗೋಸ್ಕರ ಹೇಳ್ತಿದ್ದ ಮಾತಾ?”

ಅಮ್ಮ ಬಟ್ಟಲಿನ ಅಂಚಿಗೆ ಅಂಟಿದ್ದ ಕಾಳನ್ನು ಚಮಚದಿಂದ ಬಳಿಯುತ್ತ ಸ್ವಲ್ಪ ಹೊತ್ತು ಯೋಚಿಸಿದಳು. ತೂಕ ತಪ್ಪಿ ಮಾತಾಡಿದವಳಲ್ಲ ಅವಳು.

“ಇಲ್ಲಪ್ಪ, ಹುಳಿ ನಿಜವಾಗ್ಲೂ ಚೆನ್ನಾಗಿರ್ತಿತ್ತು,” ಎಂದಳು. “ಅನ್ನ ಚೆನ್ನಾಗಿರ್ತಿರಲಿಲ್ಲ.”

ಯಾರೂ ಮಾತಾಡಲಿಲ್ಲ. ಮೂವತ್ತು ವರ್ಷಕ್ಕೂ ಹಿಂದೆ ನನ್ನ ಅಂಗೈಗೆ ಹುಳಿ ಹಾಕಿ ಅನ್ನವನ್ನು ಹಿಡಿದಿಟ್ಟುಕೊಂಡ ಕೈ ಮೇಜಿನ ಮೇಲೆ, ನನ್ನ ಕೈಯ ಪಕ್ಕದಲ್ಲೇ ಇತ್ತು. ಅಮ್ಮ ಬಟ್ಟಲನ್ನು ಮುಂದಕ್ಕೆ ತಳ್ಳಿ, “ಇನ್ನೊಂದು ಸೌಟು ಇದ್ರೆ ಹಾಕು” ಎಂದಳು.

ಅಂದಿನಿಂದ ಪ್ರತಿ ಚಳಿಗಾಲದಲ್ಲೂ ಈ ಸಾರು ನಮ್ಮ ಮನೆಯಲ್ಲಿ ಎರಡು ದಿನ ಕುದಿಯುತ್ತದೆ. ಜೊತೆಗೆ ಇನ್ನೊಂದು ರೂಢಿಯೂ ಬೆಳೆದಿದೆ. ಹುಳಿ ಮಿಕ್ಕ ಮರುದಿನ ಅದನ್ನು ಬಿಸಿಗಿಡುವುದು ನನ್ನಾಕೆ. ಅಕ್ಕಿ ತೊಳೆದು ಒಂದು ಪಾವು ಹೊಸ ಅನ್ನಕ್ಕಿಡುವುದು ನಾನು.